ನಲವತ್ತನೇ ಗುಂಡಿ

18 ನವೆಂಬರ್ 2024, ಸೋಮವಾರ

ಆಫೀಸಿನಲ್ಲಿ ಮೂರ್ತಿ ಸಾರ್ ಹೋದ ವರ್ಷದ ಒಂದು ಖಾಲಿ ಪುಸ್ತಕ ಕೊಟ್ಟು, "ದೋಷ ಹುಡುಕೋಕೆ ಕೂತಾಗ ದಿನಾ ಬರ್ದಿಡ್ಬೇಕಮ್ಮ. ಏನ್ ಮಾಡ್ದೆ, ಏನಾಯ್ತು, ಅಷ್ಟೇ. ಇಲ್ದಿದ್ರೆ ಮಾಡಿದ್ದನ್ನೇ ಮಾಡ್ತಾ ಕೂತಿರ್ತೀಯ" ಅಂದರು. ಸರಿ, ಬರೆಯುತ್ತೇನೆ. ಯಾರೂ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬೇರೆಯದನ್ನೂ ಬರೆದರೆ ಯಾರಪ್ಪನ ಗಂಟೂ ಹೋಗುವುದಿಲ್ಲ.

ದೋಷ: ಮಾತಿನ ಹಲಗೆ ಮಾತು ನುಂಗುತ್ತಿದೆ.

ನನ್ನ ಗಂಡ ವೇಣು ಅವರಮ್ಮನಿಗೆ ಆಗಸ್ಟ್‌ನಲ್ಲಿ ಗಂಟಲಿನ ಆಪರೇಷನ್ ಆಯಿತು. ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನಲ್ಲಿರುವ ತೂತಿನಿಂದ ಉಸಿರು, ಬಾಯಲ್ಲಿ ಮಾತಿಲ್ಲ. ಬರೆದು ತೋರಿಸಲಿ ಅಂದರೆ ಅಕ್ಷರ ಬರುವುದಿಲ್ಲ. ಆಪರೇಷನ್‌ಗೆ ಮುಂಚೆ ಸಿಕ್ಕಿದ್ದು ಹತ್ತು ದಿನ. ನಮ್ಮ ಕಂಪನಿ ಮಾಡುವುದು ಫ್ಯಾಕ್ಟರಿಗಳಲ್ಲಿ ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರ; ಅದರಲ್ಲಿ ಕೆಟ್ಟುಹೋದ ಒಂದನ್ನು ಮನೆಗೆ ತಂದು, ಬಿಚ್ಚಿ, ನಲವತ್ತು ಗುಂಡಿಯ ಹಲಗೆ ಮಾಡಿದೆ. ಗುಂಡಿಯ ಮೇಲೊಂದು ಚಿತ್ರ. ಒತ್ತಿದರೆ ಅವರದೇ ದನಿ. ಒಂದೊಂದು ಗುಂಡಿಯಲ್ಲೂ ಎಷ್ಟು ಮಾತು ಬೇಕಾದರೂ ತುಂಬಬಹುದು, ಮತ್ತೆ ಒತ್ತಿದರೆ ಮುಂದಿನದು. ತಂಬಿಗೆಯ ಚಿತ್ರ ಒತ್ತಿದರೆ "ನೀರ್ ಕೊಡು". ಇನ್ನೊಮ್ಮೆ ಒತ್ತಿದರೆ "ಬಿಸ್ನೀರು ಅಂದೆ ಕಣಮ್ಮ, ತಣ್ಣೀರಲ್ಲ".

ಮೈಕಿನ ಮುಂದೆ ಕೂತ್ಕೊಳ್ಳಿ ಅಂದರೆ ಕೂರಲಿಲ್ಲ. ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಕೊಟ್ಟಿಗೆ, ಹಿತ್ತಲು ಎಲ್ಲಾ ಸುತ್ತುತ್ತಾ ಮಾತು ತುಂಬಿದರು. ಗುಂಡಿ ಒತ್ತಿ ಹಿಡಿದರೆ ಕೆಂಪು ದೀಪ, ಆಗ ಮಾತಾಡಿ ಅಂತ ಒಂದೇ ಸಲ ಹೇಳಿಕೊಟ್ಟಿದ್ದು. ಮೂವತ್ತೊಂಬತ್ತು ಗುಂಡಿ, ನೂರ ಮೂವತ್ತು ಮಾತು. ಅರ್ಧ ಬೈಗುಳ. ನಲವತ್ತನೇ ಗುಂಡಿ ಖಾಲಿ ಉಳಿಯಿತು.

ಈಗ ಆ ನೂರ ಮೂವತ್ತರಲ್ಲಿ ಒಂದೊಂದೇ ಮಾತು ಬರುವುದಿಲ್ಲ. ಇವತ್ತು ತಂಬಿಗೆ ಮೂಕ, ನಾಳೆ ತಂಬಿಗೆ ಸರಿ, ಕಾಫಿ ಲೋಟ ಮೂಕ. ನಕಲು ತೆಗೆದಿಟ್ಟಿಲ್ಲ. ಆಪರೇಷನ್ ಆದ ಮೇಲೆ ತೆಗೆಯೋಣ ಅಂದುಕೊಂಡಿದ್ದೆ. ಈ 'ಆಮೇಲೆ' ಅನ್ನುವುದು ನನ್ನ ಕೆಟ್ಟ ಚಾಳಿ. ಹೋದ ಮಾತನ್ನು ಮತ್ತೆ ತುಂಬಿಸೋಣ ಅಂದರೆ ತುಂಬಿಸುವ ದನಿಯೇ ಈಗ ಲೋಕದಲ್ಲಿಲ್ಲ.

ಇಷ್ಟೆಲ್ಲ ಮಾಡಿದ್ದು ಯಾಕೆ ಅಂತ ನನಗೇ ಗೊತ್ತಿಲ್ಲ. ಮದುವೆಯಾಗಿ ಎರಡು ವರ್ಷ ಆಯಿತು, ಆಯಮ್ಮ ನನ್ನನ್ನು ಒಂದು ದಿನವೂ ನವ್ಯಶ್ರೀ ಅಂತ ಕರೆದಿಲ್ಲ. "ಏಯ್ ಹುಡ್ಗಿ." "ಬಾರಮ್ಮ ಇಲ್ಲಿ." ಹಲಗೆಯಲ್ಲಿ ವೇಣುಗೆ ಒಂದು ಗುಂಡಿ, ಪಕ್ಕದ ಮನೆ ಅಮ್ಮಯಮ್ಮನಿಗೆ ಒಂದು, ಕೆಂಪಿಗೆ ಒಂದು, ರಾಣಿಗೆ ಒಂದು. ಕೆಂಪಿ, ರಾಣಿ ಅಂದರೆ ಹಸು. ನನಗೆ ಇಲ್ಲ. ಮನೆ ನಿಶ್ಶಬ್ದವಾದ ಮೊದಲ ವಾರ ನನಗೆ ಸ್ವಲ್ಪ ಹಾಯೆನಿಸಿದ್ದೂ ನಿಜ. ಬರೆದುಬಿಟ್ಟೆ.

21 ನವೆಂಬರ್, ಗುರುವಾರ

ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಅವಮಾನ ಆಯಿತಂತೆ. ಅಮ್ಮಯಮ್ಮ ಬಂದು ಹೇಳಿದರು.

ಹಾಲು ಹಾಕುವಾಗ ವೇಣು ಅವರಮ್ಮ ಪ್ರತಿ ದಿನ ಹೇಳುತ್ತಿದ್ದ ಒಂದು ಮಾತಿದೆ: "ರಾಣಿ ಹಾಲು, ಒಂದ್ ತೊಟ್ಟು ನೀರಿಲ್ಲ, ನೋಡ್ಕಳಪ್ಪ." ಕ್ಯಾನಿನ ಚಿತ್ರದ ಗುಂಡಿಯಲ್ಲಿ ಅದೇ ಮೊದಲನೆಯದು. ಇವತ್ತು ಒತ್ತಿದರೆ ಸದ್ದಿಲ್ಲ. ಮತ್ತೆ ಒತ್ತಿದ್ದಾರೆ. ಎರಡನೇ ಮಾತು ಬಂದಿದೆ: "ಕಣ್ಣು ಕಾಣಲ್ವೇನೋ ನಿಂಗೆ?" ಹಾಲು ಅಳೆಯುತ್ತಿದ್ದ ನರೇಶ್ ತಲೆ ಎತ್ತಿ ನೋಡಿದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ.

"ನಗೋದಲ್ಲ ಕಣಮ್ಮಿ, ಆಯಮ್ಮನ್ ಮಖ ನೋಡ್ಬೇಕಿತ್ತು ನೀನು" ಅಂದರು ಅಮ್ಮಯಮ್ಮ. ಅಂದರೂ ಹೇಳುವಾಗ ಅವರಿಗೂ ನಗು ತಡೆಯಲಿಲ್ಲ, ನನಗೂ.

ಸಂಜೆ ಬಂದು ನೋಡಿದರೆ ಹಲಗೆ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆಮೇಲೆ ನಗು ಬರಲಿಲ್ಲ.

24 ನವೆಂಬರ್, ಭಾನುವಾರ

ಹಲಗೆ ಒರೆಸಿದೆ. ನಲವತ್ತನೇ ಗುಂಡಿಯ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿತ್ತು, ನಾನು ಇಡುವ ಸಣ್ಣ ಮೆರೂನ್ ಬೊಟ್ಟು. ಮಾವ ಹೋಗಿ ಆರು ವರ್ಷ, ಮನೆಯಲ್ಲಿ ಬೊಟ್ಟು ಇಡುವವಳು ನಾನೊಬ್ಬಳೇ. ಸ್ನಾನಕ್ಕೆ ಹೋಗುವಾಗ ತೆಗೆದು ಕನ್ನಡಿಗೋ ಗೋಡೆಗೋ ಹಚ್ಚುತ್ತೇನೆ, ಅದು ಎಲ್ಲೆಲ್ಲೋ ಹೋಗಿ ಅಂಟುತ್ತದೆ. ಉಗುರಿನಲ್ಲಿ ಕೆರೆದು, ಕೊಬ್ಬರಿ ಎಣ್ಣೆ ಹಚ್ಚಿ ಗೋಂದು ತೆಗೆದೆ. ಹಿಂದೆಯೂ ಒಂದು ಸಲ ಹೀಗೇ ತೆಗೆದ ನೆನಪು.

ವೇಣು ಅವರಮ್ಮ ಬಾಗಿಲಲ್ಲಿ ನಿಂತು ನೋಡಿದರು, ಹೋದರು.

27 ನವೆಂಬರ್, ಬುಧವಾರ

ದೋಷ ಎಲ್ಲಿದೆ ಅಂತ ನನಗೆ ಅನುಮಾನವೇ ಇಲ್ಲ: ಡೇಟಾಬೇಸಿನಲ್ಲಿ.

ನಮ್ಮ ಯಂತ್ರದ ಡೇಟಾಬೇಸ್ ಅಂದರೆ ಎಲ್ಲೋ ದೂರದ ದೊಡ್ಡ ಸರ್ವರ್ ಅಲ್ಲ. ಪ್ರೋಗ್ರಾಮಿನ ಒಳಗೇ ಕೂತು ಕೆಲಸ ಮಾಡುವ ಒಂದು ಪುಟ್ಟ ಸಿದ್ಧ ಕೋಡು, ಲೈಬ್ರರಿ ಅನ್ನುತ್ತೇವೆ. ಒಂದು ಕೀಲಿ ಕೊಟ್ಟು ಒಂದು ವಸ್ತು ಇಡು ಅಂದರೆ ಇಡುತ್ತದೆ, ಅದೇ ಕೀಲಿ ತೋರಿಸಿದರೆ ವಸ್ತು ವಾಪಸ್ ಕೊಡುತ್ತದೆ. ಹಾಜರಿ ಯಂತ್ರದಲ್ಲಿ ಹೆಬ್ಬೆಟ್ಟು ಇಡುತ್ತಿತ್ತು, ಇದರಲ್ಲಿ ಮಾತು ಇಡುತ್ತದೆ. ಹನ್ನೆರಡು ವರ್ಷದ ಹಿಂದೆ ಯಾರೋ ಬಿಲ್ಡ್ ಮಾಡಿ, ಅಂದರೆ ಮೂಲ ಕೋಡಿನಿಂದ ಓಡುವ ಪ್ರೋಗ್ರಾಮ್ ಕಟ್ಟಿ, ಇಟ್ಟು ಹೋದದ್ದನ್ನೇ ಇನ್ನೂ ಬಳಸುತ್ತಿದ್ದೇವೆ. ಒಳಗೆ ಇಣುಕಿ ನೋಡಲು ದಾರಿಯಿಲ್ಲ.

ಮೂರ್ತಿ ಸಾರ್ ಸ್ಟೋರ್ ರೂಮಿನಲ್ಲಿ ಒಂದು ಗಂಟೆ ಧೂಳು ಕುಡಿದು ಲೈಬ್ರರಿಯ ಮೂಲ ಕೋಡ್ ಇರುವ ಸಿ.ಡಿ. ಹುಡುಕಿಕೊಟ್ಟರು. "ನೀನೇ ಬಿಲ್ಡ್ ಮಾಡ್ಕೋ. ಆದ್ರೆ ಅದರ ಮೇಲೆ ತಪ್ಪು ಹೊರ್ಸೋ ಮುಂಚೆ ನಿಂದೂ ನೋಡ್ಕೋ" ಅಂದರು. ನನ್ನದು ನೋಡಿಕೊಳ್ಳುವುದೇನಿದೆ?

ಜೊತೆಗಿದ್ದ ಸೂಚನೆಯಲ್ಲಿ ದೋಷ ಹುಡುಕುವವರಿಗೆ ಅಂತಲೇ ಕೆಲವು ಬಿಲ್ಡ್ ಆಯ್ಕೆಗಳಿವೆ. ಒಂದು ಹಾಕಿದರೆ ಕೋಡನ್ನು ಚುರುಕು ಮಾಡದೆ ಇದ್ದದ್ದು ಇದ್ದ ಹಾಗೆ ಕಟ್ಟುತ್ತದೆ, ಸಾಲು ಸಾಲಾಗಿ ನಿಲ್ಲಿಸಿ ನೋಡಬಹುದು. ಇನ್ನೊಂದು ಹಾಕಿದರೆ ಲೈಬ್ರರಿ ಹೆಜ್ಜೆಹೆಜ್ಜೆಗೂ ತನ್ನನ್ನೇ ಪರೀಕ್ಷಿಸಿಕೊಂಡು, ಎಲ್ಲಿ ಅನುಮಾನ ಬಂತೋ ಅಲ್ಲೇ ನಿಂತುಬಿಡುತ್ತದೆ. ಮತ್ತೊಂದು, ಏನು ಕೇಳಿದರು, ಸಿಕ್ಕಿತೋ ಇಲ್ಲವೋ ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಡುತ್ತದೆ. ಕೊನೆಯದು, ಕೋಡು ಕೆಲಸ ಮಾಡಲು ಲೈಬ್ರರಿ ಕೊಡುವ ಖಾಲಿ ಮೆಮೊರಿ ಜಾಗಕ್ಕೆಲ್ಲ ಮೊದಲೇ ಒಂದು ಗುರುತು ತುಂಬಿ ಕೊಡುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆ: ಇವು ಯಂತ್ರವನ್ನು ನಿಧಾನ ಮಾಡುತ್ತವೆ, ಗಿರಾಕಿಗೆ ಕೊಡುವ ಬಿಲ್ಡಿನಲ್ಲಿ ಹಾಕಬೇಡಿ.

ವೇಣು ಅವರಮ್ಮ ಗಿರಾಕಿಯಲ್ಲ. ಹಾಕುತ್ತೇನೆ.

2 ಡಿಸೆಂಬರ್, ಸೋಮವಾರ

ಮೊದಲು ಹಲಗೆಯ ಡೇಟಾಬೇಸ್ ಫೈಲನ್ನು ನಕಲು ಮಾಡಿಟ್ಟೆ. ಆ ಫೈಲಿನೊಳಗೆ ಮಾತು ಉಳಿದಿವೆಯೋ ಇಲ್ಲವೋ ದೇವರೇ ಬಲ್ಲ.

ಶುಕ್ರವಾರ ಮೊದಲನೇ ಆಯ್ಕೆ ಹಾಕಿ ಬಿಲ್ಡ್ ಮಾಡಿ ತಂದುಕೊಟ್ಟೆ. ಎಲ್ಲಾ ಮಾತೂ ಬಂತು! ತಂಬಿಗೆ, ಕಾಫಿ ಲೋಟ, ಕ್ಯಾನು, ಎಲ್ಲಾ. ಆಯ್ಕೆ ತೆಗೆದೆ, ಮತ್ತೆ ಮೂಕ. ಹಾಕಿದೆ, ಮಾತು. ಮಾರನೇ ದಿನ ಹಾಕಿದ್ದರೂ ಎರಡು ಮೂಕ. ಡಾಕ್ಟರ್ ಮುಂದೆ ಹೋದ ಕೂಡಲೇ ಹಲ್ಲುನೋವು ನಿಲ್ಲುವ ಹಾಗೆ. ಕಂಪ್ಯೂಟರನ್ನು ತೆಗೆದು ಗೋಡೆಗೆ ಹೊಡೆಯಬೇಕು ಅನಿಸಿತು.

ಪರೀಕ್ಷಿಸಿಕೊಳ್ಳುವ ಆಯ್ಕೆಯನ್ನೂ ಹಾಕಿದೆ. ಲೈಬ್ರರಿ ಮುನ್ನೂರು ಸಲ ತನ್ನನ್ನು ತಾನು ನೋಡಿಕೊಂಡು, ನನಗೇನೂ ಆಗಿಲ್ಲ ಅಂತು. ನಂಬಲಿಲ್ಲ.

9 ಡಿಸೆಂಬರ್, ಸೋಮವಾರ

ಎಲ್ಲವನ್ನೂ ಬರೆದಿಡುವ ಆಯ್ಕೆ ಹಾಕಿ ಹಲಗೆ ಕೊಟ್ಟಿದ್ದೇನೆ. ಭಯಂಕರ ನಿಧಾನ. ಗುಂಡಿ ಒತ್ತಿದರೆ ಮಾತು ಬರಲು ನಾಲ್ಕು ಸೆಕೆಂಡು ಬೇಕು. ಬರೀ ನಾಲ್ಕೇ ಅನಿಸಬಹುದು, ಎದುರು ಕೂತು ನೋಡಿದರೆ ಗೊತ್ತಾಗುತ್ತದೆ. ವೇಣು ಅಷ್ಟರಲ್ಲಿ "ಏನಮ್ಮಾ? ಊಟನಾ? ಕಾಫಿನಾ? ಮಾತ್ರೆನಾ?" ಅಂತ ಮೂರು ಪ್ರಶ್ನೆ ಕೇಳಿ ಮುಗಿಸಿರುತ್ತಾರೆ. ಮಾತು ಬರುವ ಹೊತ್ತಿಗೆ ಎದ್ದು ಹೋಗಿರುತ್ತಾರೆ.

ನಾನು ಹೋಗುವ ಹಾಗಿಲ್ಲ. ಯಾವಾಗ ಮೂಕವಾಯಿತು ಅಂತ ಗುರುತು ಹಾಕಿಕೊಳ್ಳಬೇಕಲ್ಲ. ಮೂರ್ತಿ ಸಾರ್‌ಗೆ ಹೇಳಿ ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಅಂತ ಒಪ್ಪಿಸಿದ್ದೇನೆ. ಅತ್ತೆ ಗುಂಡಿ ಒತ್ತುತ್ತಾರೆ, ಇಬ್ಬರೂ ಸುಮ್ಮನೆ ಕೂರುತ್ತೇವೆ. ನಾಲ್ಕು ಸೆಕೆಂಡು ಅವರ ಮುಖ ನೋಡುವುದು ಬಿಟ್ಟರೆ ಮಾಡಲು ಬೇರೇನೂ ಇಲ್ಲ. ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ. ಎರಡು ವರ್ಷದಲ್ಲಿ ನೋಡಿರಲಿಲ್ಲ.

ಮಧ್ಯಾಹ್ನ ಅವರೆಕಾಯಿ ಬಿಡಿಸಿದೆವು. ನೆನೆಸಿದ ಕಾಳನ್ನು ನಾನು ಹಿತುಕಿದರೆ ಬೇಳೆ ಅವರ ಮಡಿಲಿಗೇ ಹಾರುತ್ತದೆ. ಅತ್ತೆ ಹಲಗೆ ತೆಗೆದುಕೊಂಡು ಒಂದು ಗುಂಡಿ ಒತ್ತಿದರು. ಕಾಯ್ದೆವು. "ಏನ್ ಕೈನೋ ಏನ್ ಕಥೆನೋ!" ಅಂತು ಹಲಗೆ. ಅತ್ತೆಯ ಹೊಟ್ಟೆ ಕುಣಿಯಿತು. ಸದ್ದಿಲ್ಲದ ನಗು ನೋಡಿದ್ದು ಇದೇ ಮೊದಲು.

16 ಡಿಸೆಂಬರ್, ಸೋಮವಾರ

ಹಲಗೆ ಒಂದು ವಾರ ಬರೆದಿಟ್ಟ ಲಾಗ್ ಬಿಚ್ಚಿದೆ. ಸಾವಿರದ ಇನ್ನೂರು ಸಾಲು. ಮೂಕವಾದ ಗುಂಡಿಗಳಲ್ಲಿ ಯಾವ ಕ್ರಮವೂ ಕಾಣುತ್ತಿಲ್ಲ. ಒಂದು ಮಾತ್ರ ವಿಚಿತ್ರ: ನಲವತ್ತನೇ ಗುಂಡಿ. ಅದು ಖಾಲಿ, ಅದರಲ್ಲಿ ನಾನು ಏನೂ ತುಂಬಿಸಿಲ್ಲ. ಆದರೂ,

ಗುಂಡಿ 40, ಮಧ್ಯಾಹ್ನ 1.14, ಸಿಗಲಿಲ್ಲ.
ಗುಂಡಿ 40, ಸಂಜೆ 6.41, ಸಿಗಲಿಲ್ಲ.
ಗುಂಡಿ 40, ಸಂಜೆ 6.43, ಸಿಗಲಿಲ್ಲ.

ಎಲ್ಲ ದಿನವೂ ಹೆಚ್ಚುಕಡಿಮೆ ಅದೇ ಹೊತ್ತು. ನಾನು ಆಫೀಸಿಗೆ ಹೋಗದ ದಿನ ಆ ಹೊತ್ತಿಗೆ ಇಲ್ಲ, ಬೇರೆ ಯಾವುದೋ ಹೊತ್ತಿಗೆ ಇದೆ. ವಾರಕ್ಕೆ ಮೂವತ್ತೇಳು ಸಲ. ಮೂವತ್ತೇಳು ಸಲವೂ ಸಿಗಲಿಲ್ಲ.

ಮೂಲೆಯ ಗುಂಡಿ, ಏನಾದರೂ ತಗುಲಿ ಒತ್ತುತ್ತಿರಬೇಕು. ರಾಣಿ ನೆಕ್ಕುತ್ತಾಳೋ ಏನೋ. ಅದರ ಮೇಲೆ ಮತ್ತೆ ಬೊಟ್ಟು ಬಂದು ಅಂಟಿತ್ತು, ಕೆರೆದು ತೆಗೆದೆ. ಗುಂಡಿಯನ್ನೇ ಕಿತ್ತು ಮುಚ್ಚಿಬಿಡಬೇಕು.

19 ಡಿಸೆಂಬರ್, ಗುರುವಾರ

ವೇಣುಗೆ ಏರ್‌ಪೋರ್ಟಿನ ಕೋಲ್ಡ್ ಸ್ಟೋರೇಜಿನಲ್ಲಿ ಶಿಫ್ಟ್ ಬದಲಾಗಿ ಬೆಳಿಗ್ಗೆ ಐದಕ್ಕೇ ದೇವನಹಳ್ಳಿಗೆ ಹೊರಡುತ್ತಾರೆ. ಅತ್ತೆಯ ಕತ್ತಿನ ತೂತಿಗೆ ಹಾಕಿರುವ ಕೊಳವೆ ತೊಳೆಯುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಅತ್ತೆ ನನ್ನ ಮಣಿಕಟ್ಟು ಹಿಡಿದು ತಾವೇ ದಾರಿ ತೋರಿಸಿದರು. ಈಗ ಮೂರು ನಿಮಿಷದ ಕೆಲಸ. ಅಂಚಿಗೆ ಸುತ್ತುವ ಬಟ್ಟೆಗೆ ನನ್ನ ಹಳೇ ಕಾಟನ್ ವೇಲು ಹರಿದೆ, ಅಂಗಡಿಯದು ಒರಟು.

ರಾತ್ರಿ ಊಟಕ್ಕೆ ಕೂತಾಗ ವೇಣು, "ನವ್ಯಾ, ಸುಮ್ನೆ ಯಾಕ್ ಒದ್ದಾಡ್ತೀಯ, ಬೆಂಗಳೂರಲ್ಲಿ ಮಾತಾಡೋ ಮೆಷಿನ್ನೇ ಸಿಗುತ್ತಂತೆ. ರೆಡಿ ದನಿ ಇರುತ್ತೆ, ಒತ್ತಿದ್ರೆ ಮಾತಾಡುತ್ತೆ" ಅಂದರು. ಫೋನಿನಲ್ಲಿ ಒಂದು ತುಣುಕು ಕೇಳಿಸಿದರು. ಯಾವುದೋ ಹುಡುಗಿ ಬಸ್ ನಿಲ್ದಾಣದಲ್ಲಿ ಹೇಳುವ ಹಾಗೆ, "ದಯವಿಟ್ಟು ನನಗೆ ನೀರನ್ನು ಕೊಡಿ."

"ನಮ್ಮತ್ತೆ ಯಾವತ್ರೀ ದಯವಿಟ್ಟು ಅಂದಿದ್ದು?" ಅಂದೆ. ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. "ಅವರ ಮಾತು ಅವರದೇ ದನಿಲಿ ಬರ್ಬೇಕು. ಆ ಹುಡ್ಗಿ ದನಿ ಕೇಳಿದ್ರೆ ರಾಣಿ ಹಾಲು ಕೊಡ್ತಾಳಾ?"

ವೇಣು ನನ್ನನ್ನೇ ನೋಡಿದರು. "ಸರಿ ಸರಿ. ಸಂಕ್ರಾಂತಿ ತನಕ ನೋಡೋಣ. ಆಮೇಲೆ ತಂದ್ಬಿಡ್ತೀನಿ."

26 ಡಿಸೆಂಬರ್, ಗುರುವಾರ

ಕೊನೆಯ ಆಯ್ಕೆಯನ್ನೂ ಹಾಕಿದೆ. ಖಾಲಿ ಜಾಗಕ್ಕೆಲ್ಲ ಗುರುತು ತುಂಬುವ ಆಯ್ಕೆ. ಹಾಕಬಾರದಿತ್ತು.

ನೂರ ಮೂವತ್ತಕ್ಕೆ ನೂರ ಮೂವತ್ತೂ ಮೂಕ. ಒಂದೇ ಒಂದು ಮಾತು ಬರಲಿಲ್ಲ. ಅತ್ತೆ ಒಂದನೇ ಗುಂಡಿಯಿಂದ ಶುರುಮಾಡಿ ಸಾಲಾಗಿ ಒತ್ತುತ್ತಾ ಹೋದರು, ಒಂದೊಂದಕ್ಕೂ ಕಾಯ್ದರು. ಮೂವತ್ತೊಂಬತ್ತಾದ ಮೇಲೆ ಹಲಗೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟು ಎದ್ದು ಹೋದರು. ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೂ ವಾಪಸ್ ಕೋಪ ಮಾಡಿಕೊಳ್ಳಬಹುದಿತ್ತು.

ಆಯ್ಕೆ ತೆಗೆದು ಮೊದಲಿನಂತೆ ಮಾಡಿದೆ. ಅರ್ಧ ಮಾತು ವಾಪಸ್ ಬಂತು. ಅವರು ಹಲಗೆ ಮುಟ್ಟಲಿಲ್ಲ.

29 ಡಿಸೆಂಬರ್, ಭಾನುವಾರ

ಮುಟ್ಟಿಲ್ಲ. ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಒಂದು ತಟ್ಟಿದರೆ ನಾನು, ಎರಡು ತಟ್ಟಿದರೆ ವೇಣು.

4 ಜನವರಿ 2025, ಶನಿವಾರ

ಹುಚ್ಚಿ ನಾನು. ಹುಚ್ಚಿ, ದಡ್ಡಿ, ಸೋಂಬೇರಿ.

ಸಂಜೆ ಹಾಲು ಕರೆಯುವಾಗ ಅತ್ತೆಯ ಜೊತೆ ಕೊಟ್ಟಿಗೆಯಲ್ಲಿದ್ದೆ. ಈಚೆಗೆ ಇರುತ್ತೇನೆ, ಹಲಗೆ ಇಲ್ಲದಿದ್ದರೆ ಅವರಿಗೆ ಏನಾದರೂ ಬೇಕಾದಾಗ ಯಾರಾದರೂ ಬೇಕಲ್ಲ. ಬಕೆಟ್ ನಾನೇ ತೊಳೆದಿಟ್ಟಿದ್ದು, ಖಾಲಿ, ಫಳಫಳ ಅನ್ನುತ್ತಿತ್ತು. ಅತ್ತೆ ಅದನ್ನು ಎತ್ತಿಕೊಂಡರು, ಬೋರಲು ಹಾಕಿದರು, ತಳಕ್ಕೆ ಎರಡು ಏಟು ಕೊಟ್ಟರು. ಎರಡು ಮೂರು ತೊಟ್ಟು ನೀರು ಬಿತ್ತು. ಆಮೇಲೆ ಸೆರಗಿನಲ್ಲಿ ಒರೆಸಿ ರಾಣಿಯ ಕೆಳಗೆ ಇಟ್ಟರು. ದಿನಾ ಮಾಡುವುದು ಇದೇ. ಮದುವೆಯಾದ ಹೊಸದರಲ್ಲಿ ನಾನು ಹೀಗೆ ಮಾಡದೆ ಕೊಟ್ಟಿದ್ದಕ್ಕೆ, "ಖಾಲಿ ಅಂದ್ರೆ ಖಾಲಿ ಅಲ್ಲ ಕಣಮ್ಮ, ತಳದಾಗೆ ಏನಿತ್ತೋ ಅದು ಹಾಲಿಗೆ ಸೇರ್ತದೆ" ಅಂತ ಬೈಸಿಕೊಂಡು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ನಾನು ಅಲ್ಲೇ ಸಗಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಒಂದೊಂದು ಮಾತಿಗೂ ಕೀಲಿ ಕಟ್ಟುವುದು ನನ್ನ ಕೋಡು. ಕೀಲಿ ಅಂದರೆ ಗುಂಡಿಯ ಸಂಖ್ಯೆ, ಅದರ ಮುಂದೆ ಎಷ್ಟನೇ ಮಾತು ಅನ್ನುವ ಸಂಖ್ಯೆ. ಎರಡರ ನಡುವೆ ಮೆಮೊರಿಯಲ್ಲಿ ಮೂರು ಮನೆ ಖಾಲಿ ಬಿಟ್ಟುಕೊಂಡೇ ಯಂತ್ರ ಜೋಡಿಸುತ್ತದೆ. ಆ ಮೂರು ಮನೆಗೆ ನಾನು ಏನೂ ತುಂಬಿರಲಿಲ್ಲ. ಖಾಲಿ ಇದೆಯಲ್ಲ, ಇರಲಿ ಅಂತ. ಆದರೆ ಖಾಲಿ ಇರಲಿಲ್ಲ. ಹಿಂದಿನ ಕೆಲಸದಿಂದ ಉಳಿದ ಏನೇನೋ ಕಸ ಅಲ್ಲಿತ್ತು, ಅದೂ ಕೀಲಿಯ ಜೊತೆ ಸೇರಿಕೊಂಡಿತು. ಮಾತು ಇಡುವಾಗ ಒಂದು ಕಸ, ಕೇಳುವಾಗ ಇನ್ನೊಂದು ಕಸ. ಅದೃಷ್ಟಕ್ಕೆ ಎರಡೂ ಒಂದೇ ಆದ ದಿನ ಮಾತು ಬರುತ್ತಿತ್ತು, ಇಲ್ಲದ ದಿನ ಇಲ್ಲ. ಗುರುತು ತುಂಬುವ ಆಯ್ಕೆ ಹಾಕಿದಾಗ ಎಲ್ಲಾ ಮೂಕವಾಗಿದ್ದು ಅದಕ್ಕೇ: ಆ ಗುರುತು ಹಳೆಯ ಕಸಕ್ಕೆ ಹೇಗೆ ತಾನೇ ಹೊಂದುತ್ತದೆ? ಅದು ನನಗೆ ಉತ್ತರವನ್ನೇ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಲೈಬ್ರರಿಯ ತಪ್ಪು ಒಂದು ಚೂರೂ ಇಲ್ಲ. ಒಂದೂವರೆ ತಿಂಗಳಿಂದ ಅದನ್ನು ಬೈದಿದ್ದೇನೆ. ತಪ್ಪು ನನ್ನದು. ಹಾಗಾದರೆ ಮಾತುಗಳು ಎಲ್ಲೂ ಹೋಗಿಲ್ಲ. ಒಳಗೇ ಇವೆ. ಇರಬೇಕು.

ಅತ್ತೆಯ ಕಾಲು ಹಿಡಿದುಕೊಂಡು ಹೇಳಿದೆ, "ಅತ್ತೆ, ನಿಮ್ ಮಾತು ಹೋಗಿಲ್ಲ. ತಪ್ಪು ನಂದೇ." ಅವರು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. ಹಾಲಿನ ಕೈಯಲ್ಲೇ ನನ್ನ ತಲೆಗೆ ಒಂದು ಮೊಟಕಿದರು.

8 ಜನವರಿ, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಲು ಆಗುತ್ತದೋ ಇಲ್ಲವೋ.

ಆಫೀಸಿನಲ್ಲಿ, ಒಂದೊಂದು ಕೀಲಿ ಕೊಟ್ಟು ಕೇಳುವ ಬದಲು, ಫೈಲಿನ ಮೊದಲಿಂದ ಕೊನೆತನಕ ಇದ್ದದ್ದನ್ನೆಲ್ಲ ಹೊರಗೆ ತೆಗೆಯುವ ಪುಟ್ಟ ಪ್ರೋಗ್ರಾಮ್ ಬರೆದೆ. "ಇದನ್ನ ಮೊದಲನೇ ದಿನಾನೇ ಮಾಡ್ಬೇಕಿತ್ತಲ್ಲಮ್ಮ" ಅಂದರು ಮೂರ್ತಿ ಸಾರ್. ಮಾಡಬೇಕಿತ್ತು.

ಓಡಿಸಿದೆ. ಎಲ್ಲಾ ಇದ್ದವು. ಎಲ್ಲಾ. ಕೊನೆಗೆ ಲೆಕ್ಕ ತೋರಿಸಿತು: ನೂರ ಮೂವತ್ತೇಳು.

ನಾನು ತುಂಬಿಸಿದ್ದು ನೂರ ಮೂವತ್ತು. ಹೆಚ್ಚಿನ ಏಳೂ ನಲವತ್ತನೇ ಗುಂಡಿಯವು. ಆಗಸ್ಟ್ ಹನ್ನೊಂದು, ಭಾನುವಾರ, ಸಂಜೆ ಐದೂವರೆ. ಮಾರನೇ ದಿನ ಆಸ್ಪತ್ರೆಗೆ ಸೇರಿಸಬೇಕಿತ್ತು, ನಾನೂ ವೇಣೂ ಫ್ಲಾಸ್ಕು, ಬಟ್ಟೆ ತರಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ಮನೆಯಲ್ಲಿ ಅವರೊಬ್ಬರೇ.

ಇಯರ್‌ಫೋನ್ ಹಾಕಿಕೊಂಡೆ. ಹಿಂದೆ ರಾಣಿಯ ಕೊರಳ ಗಂಟೆ.

ಒಂದು. "ನವ್ಯಾ... ನವ್ಯಾಸ್ರೀ... ಥೂ."

ಎರಡು. "ನವ್ಯಸಿರಿ. ಅಲ್ಲ."

ಮೂರರಲ್ಲಿ ಬರೀ ಕೆಮ್ಮು, ಆಮೇಲೆ, "ಏನ್ ಹೆಸ್ರೋ ಇಟ್ಟವ್ರೆ, ಎಲ್ರ ಮುಂದೆ ಕರ್ಯೋಕೋಗಿ ತೊದಲಿದ್ರೆ ನಗ್ತವೆ. ತಡಿ, ಕಲ್ತ್ಕತೀನಿ."

ನಾಲ್ಕು. "ನವ್ಯಶ್ರೀ." ಸರಿಯಾಗಿ. ನಿಧಾನಕ್ಕೆ. ಮತ್ತೆ, ತಮಗೆ ತಾವೇ ಹೇಳಿಕೊಂಡ ಹಾಗೆ, "ಹಾಂ."

ಐದು. "ನವ್ಯಶ್ರೀ, ಉಂಡ್ಯಾ ತಾಯಿ?"

ಆರು. "ನವ್ಯಶ್ರೀ, ಬಂದ್ಯಾ? ಕೈಕಾಲು ತೊಳ್ಕೊ, ಕಾಫಿ ಐತೆ."

ಏಳರಲ್ಲಿ ಬೇರೇನೂ ಇಲ್ಲ. ಹೊಲದ ಆ ಬದುವಿನಲ್ಲಿರುವವರನ್ನು ಈ ಬದುವಿನಿಂದ ಕೂಗುವ ಹಾಗೆ, ಗಂಟಲಲ್ಲಿ ಉಳಿದಿದ್ದ ದನಿಯನ್ನೆಲ್ಲ ಹಾಕಿ ಒಂದು ಸಲ ನನ್ನ ಹೆಸರು.

ಮಧ್ಯಾಹ್ನ ಒಂದೂಕಾಲು ನನ್ನ ಊಟದ ಹೊತ್ತು. ಆರೂ ಮುಕ್ಕಾಲು ನನ್ನ ಸ್ಕೂಟರ್ ಗೇಟಿನ ಹತ್ತಿರ ಬರುವ ಹೊತ್ತು. ವಾರಕ್ಕೆ ಮೂವತ್ತೇಳು ಸಲ. ಅವರು ಕೇಳುತ್ತಿದ್ದರು, ಹಲಗೆ ಸಿಗಲಿಲ್ಲ, ಸಿಗಲಿಲ್ಲ ಅನ್ನುತ್ತಿತ್ತು. ಗುಂಡಿಯ ಮೇಲೆ ಅವರು ಅಂಟಿಸಿದ ಬೊಟ್ಟನ್ನು ನಾನು ಮೂರು ಸಲ ಉಗುರಿನಲ್ಲಿ ಕೆರೆದು ತೆಗೆದಿದ್ದೇನೆ, ಒಂದು ಸಲ ಅವರ ಕಣ್ಣೆದುರಿಗೇ. ಅಕ್ಷರ ಬಾರದವರು ನನ್ನ ಹೆಸರನ್ನು ಇನ್ನು ಹೇಗೆ ಬರೆಯಬೇಕಿತ್ತು?

ಲೇಡೀಸ್ ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಬಂದು ಕೂತ ಮೇಲೆ ಮತ್ತೆ ಅಳು ಬಂತು. ಮೂರ್ತಿ ಸಾರ್ ಟೀ ತಂದಿಟ್ಟರು.

13 ಜನವರಿ, ಸೋಮವಾರ

ಕೀಲಿ ಕಟ್ಟುವ ಮೊದಲು ಜಾಗವನ್ನೆಲ್ಲ ಸೊನ್ನೆ ಮಾಡುವ ಒಂದೇ ಒಂದು ಸಾಲು ಸೇರಿಸಿದೆ. ನೂರ ಮೂವತ್ತೇಳನ್ನೂ ಹೊಸ ಕೀಲಿಗೆ ವರ್ಗ ಮಾಡಿದೆ. ಮೂರು ಕಡೆ ನಕಲು ಇಟ್ಟೆ, ಈ ಸಲ 'ಆಮೇಲೆ' ಇಲ್ಲ. ಹಾಕಿದ್ದ ಆಯ್ಕೆಗಳನ್ನು ಒಂದೊಂದಾಗಿ ತೆಗೆದು ಕೊನೆಯ ಬಿಲ್ಡ್ ಮಾಡಿದೆ. ಎಲ್ಲವನ್ನೂ ಬರೆದಿಡುವ ಆಯ್ಕೆಯನ್ನು ತೆಗೆಯುವಾಗ ಕೈ ಸ್ವಲ್ಪ ತಡೆಯಿತು. ಆದರೂ ತೆಗೆದೆ. ಮನೆಯಲ್ಲಿ ಆಡುವ ಮಾತನ್ನು ಯಂತ್ರ ಯಾಕೆ ಬರೆದಿಡಬೇಕು?

ಮನೆಗೆ ಬಂದು, ನನ್ನ ಹಣೆಯ ಬೊಟ್ಟು ತೆಗೆದು ನಲವತ್ತನೇ ಗುಂಡಿಯ ಮೇಲೆ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಾಕಿದೆ. ಅತ್ತೆ ಕೊಟ್ಟಿಗೆಯಲ್ಲಿದ್ದರು. ಹಲಗೆಯನ್ನು ಅವರ ಕೊರಳಿಗೆ ಹಾಕಿದೆ. ಅವರು ಬೊಟ್ಟು ನೋಡಿದರು. ನನ್ನ ಬೋಳು ಹಣೆ ನೋಡಿದರು. ನಾನು ಒಳಗೆ ಬಂದು ಕಾಫಿಗೆ ನೀರಿಟ್ಟೆ.

ಕೇಳಿತು. ಏಳನೆಯದು. ನಾಲ್ಕು ಸೆಕೆಂಡಿನ ತಡ ಈಗ ಇಲ್ಲವಲ್ಲ, ಆರು ಮಾತು ದಾಟಿಕೊಂಡು ಅಲ್ಲಿಗೇ ಬಂದಿದ್ದರು. ಹಿತ್ತಲು, ಅಡುಗೆಮನೆ, ಪಕ್ಕದ ಅಮ್ಮಯಮ್ಮನ ಮನೆ, ಎಲ್ಲಾ ಕಡೆಗೂ ಕೇಳುವ ಹಾಗೆ ನನ್ನ ಹೆಸರು.

"ಬಂದೆ ಅತ್ತೆ" ಅಂತ ಓಡಿದೆ. ಸ್ಟವ್ ಆರಿಸಲಿಲ್ಲ, ಚಪ್ಪಲಿ ಹಾಕಲಿಲ್ಲ. ಅತ್ತೆ ಬಕೆಟ್ ತೋರಿಸಿದರು. ಬೋರಲು ಹಾಕಬೇಕಿತ್ತು. ಹಾಕಿದೆ, ಎರಡು ಏಟು ಕೊಟ್ಟೆ.

14 ಜನವರಿ, ಮಂಗಳವಾರ

ಸಂಕ್ರಾಂತಿ. ವೇಣು ಮೆಷಿನ್ನಿನ ಮಾತು ಎತ್ತಲಿಲ್ಲ.

ಲಾಗ್ ಇಲ್ಲ, ನಾನೇ ಎಣಿಸಿದೆ. ಇವತ್ತು ಒಂಬತ್ತು ಸಲ ಕರೆದರು. ಅದರಲ್ಲಿ ಎರಡು ಸಲ ಕೆಲಸವಿತ್ತು.